ಎರವಿನ ಒಡವೆ



ದತ್ತಿಯೆಂದರೆ ಕೊಟ್ಟದ್ದು, ಕೊಟ್ಟವರು ಮರಳಿ ಕೇಳದಂತೆ, ಪಡೆದವರು ಮರಳಿಸಬೇಕಾಗಿಲ್ಲದಂತೆ ಧಾರೆಯೆರೆದದ್ದು. ಅಂಥ ದಾನವೊಂದರ ನೆರಳಿನಲ್ಲಿ, ಈ ದತ್ತಿ ಉಪನ್ಯಾಸಕ್ಕೆ ನಿಂತು, ನಾನು ಈ ಸಂಜೆ ದಾನಕ್ಕೆ ತುಸು ಭಿನ್ನವಾದ ಇನ್ನೊಂದು ವ್ಯವಹಾರವನ್ನು, ಎಂದರೆ ಎರವನ್ನು, ಕುರಿತು ಮಾತನಾಡಬೇಕೆಂದಿದ್ದೇನೆ. ರಾಜ್ಯ, ಸಂಸ್ಕೃತಿ, ಗ್ರಂಥ, ಮಾನವಿಕ ವಿದ್ಯೆಗಳು ಇವುಗಳ ವಿಷಯದಲ್ಲಿ ಕ್ರೈಸ್ತ ಚಿಂತನೆಯೇನು ಎಂಬುದಾಗಿ ವ್ಯವಸ್ಥಾಪಕರು ನನಗೆ ವಿಷಯವನ್ನು ಸೂಚಿಸಿದ್ದಾರೆ. ಅಷ್ಟನ್ನೂ ಒಂದು ಗಂಟೆಯಲ್ಲಿ ಹೇಳಿಬಿಡುತ್ತೇನೆಂದು ಹೊರಟವನು ಏನನ್ನೂ ಹೇಳದೆಯೇ ಮುಗಿಸುವ ಸಂಭವವುಂಟು. ಆದುದರಿಂದ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಹೊರಡುತ್ತೇನೆ: ತನ್ನದಲ್ಲದ ಪುಸ್ತಕವನ್ನು ಕ್ರೈಸ್ತನು ಏನು ಮಾಡಬೇಕು? ಮೊದಲು ಈ ಪ್ರಶ್ನೆಯು ಕಾವೇರಿದ ನಾಲ್ಕನೆಯ ಶತಮಾನಕ್ಕೆ ಹೋಗೋಣ; ಅಲ್ಲಿಂದ ರಾಜ್ಯಾಧಿಕಾರವು ಇದರೊಳಗೆ ಕೈಹಾಕಿದ ಬಗೆಯನ್ನು ನೋಡೋಣ; ಕೊನೆಗೆ ನಮ್ಮ ಪಶ್ಚಿಮ ಕರಾವಳಿಗೆ ಬಂದು ಇಳಿಯೋಣ.

ಹೊರಡುವ ಮುನ್ನ ಮನೆಯ ಒಂದು ಮಾತು. ನಾನು ಧಾರವಾಡದ ಕಡೆಯ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ನಮ್ಮ ಅಕ್ಕನ ಮದುವೆಯ ಹೊತ್ತಿಗೆ ಮನೆಯಲ್ಲಿ ಚಿನ್ನವೆಂಬುದು ಹೆಸರಿಗೆ ಮಾತ್ರ ಇದ್ದಿತು. ನೆರೆಮನೆಯ ಹಿರಿಯಾಕೆ, ಕೊರಳಲ್ಲಿ ಲಿಂಗವನ್ನೂ ಹಣೆಯಲ್ಲಿ ವಿಭೂತಿಯನ್ನೂ ಧರಿಸುತ್ತಿದ್ದ ತಾಯಿ, ಹಿಂದಿನ ರಾತ್ರಿ ತನ್ನ ಬೋರಮಾಳ ಸರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ನಮ್ಮ ತಾಯಿಯ ಕೈಯಲ್ಲಿಟ್ಟು, "ಮದುವಿ ಮುಗಿದ ಮ್ಯಾಲೆ ಕೊಡುವಿಯಂತ ತಂಗೀ, ಅವಸರೇನೈತಿ?" ಎಂದಳು. ಆ ಸರವನ್ನು ಧರಿಸಿಯೇ ಅಕ್ಕನು ಸಭಾಪಾಲಕರ ಮುಂದೆ ನಿಂತಳು. ಮರುದಿನ ಬೆಳಗ್ಗೆ ನಮ್ಮ ತಾಯಿ ಅದನ್ನು ಅಂಟುವಾಳಕಾಯಿಯ ನೊರೆಯಲ್ಲಿ ಅದ್ದಿ, ಗುಂಡುಗುಂಡಿನ ಸಂದಿನ ಬೆವರು ಎಣ್ಣೆಗಳನ್ನು ಬಿಡಿಸಿ, ಒರೆಸಿ, ಗುಂಡುಗಳನ್ನು ಎರಡು ಸಲ ಎಣಿಸಿ, ಹೊಸ ಖಣದಲ್ಲಿ ಸುತ್ತಿ ತಾನೇ ಹೋಗಿ ಕೊಟ್ಟುಬಂದಳು. ಸರವು ಬಂದಾಗ ಇದ್ದುದಕ್ಕಿಂತ ಹೋಗುವಾಗ ಹೆಚ್ಚು ಹೊಳೆಯುತ್ತಿದ್ದಿತು. ಖಣವು ಲೆಕ್ಕಕ್ಕೆ ಮೀರಿದ ಉಪಚಾರ.

ಎರವಿನ ಒಡವೆಯ ಈ ಮಾತು ಕ್ರೈಸ್ತವೇದದಲ್ಲಿಯೇ ಉಂಟು. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿ ಹೊರಡುವ ರಾತ್ರಿ ನೆರೆಹೊರೆಯ ಐಗುಪ್ತ್ಯರಿಂದ ಬೆಳ್ಳಿಬಂಗಾರದ ಒಡವೆಗಳನ್ನು ಕೇಳಿ ಪಡೆದುಕೊಂಡರೆಂದು ವಿಮೋಚನಕಾಂಡವು ಹೇಳುತ್ತದೆ. ಅವರು ಅವನ್ನು ಮರಳಿಸಲಿಲ್ಲವೆಂಬುದನ್ನೂ ಅದು ಮುಚ್ಚಿಡುವುದಿಲ್ಲ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯಲ್ಲಿ, ಗ್ರೀಕರ ಹಾಗೂ ರೋಮನರ ಕಾವ್ಯಶಾಸ್ತ್ರಗಳನ್ನು ಕ್ರೈಸ್ತರು ಓದಬಹುದೋ ಓದಬಾರದೋ ಎಂಬ ವಿವಾದವು ಏರಿದ್ದ ಸಮಯದಲ್ಲಿ, ಉತ್ತರ ಆಫ್ರಿಕದ ಅಗಸ್ಟೀನನು ಈ ಕಥೆಯನ್ನೇ ಸಮಾಧಾನವಾಗಿ ಎತ್ತಿಕೊಂಡನು. ಅನ್ಯರ ವಿದ್ಯೆಯು ಐಗುಪ್ತದ ಚಿನ್ನ. ಸತ್ಯವು ಎಲ್ಲಿ ದೊರೆತರೂ ಅದು ದೇವರ ಗಣಿಯದೇ. ಆದುದರಿಂದ ನಾವು ಅದನ್ನು ಒಯ್ದು ನಮ್ಮ ದೇವರ ಸೇವೆಗೆ ಹಚ್ಚಬಹುದು ಎಂಬುದು ಆತನ ವಾದ. ವಾದವೇನೋ ಚತುರವಾದದ್ದು, ಸಾವಿರ ವರ್ಷಗಳ ಕಾಲ ಯೂರೋಪಿನ ಮಠಗಳಲ್ಲಿ ರೋಮನ್ ಕವಿ ವರ್ಜಿಲನೂ ವಾಗ್ಮಿ ಸಿಸೆರೋವೂ ಉಳಿಯುವುದಕ್ಕೆ ಅದು ಬಹುಮಟ್ಟಿಗೆ ಕಾರಣವಾಯಿತು. ಆದರೂ ನಮ್ಮ ತಾಯಿಯು ಗುಂಡುಗಳನ್ನು ಎಣಿಸಿದುದನ್ನು ಕಂಡ ನನಗೆ ಈ ವಾದವು ಪೂರ್ತಿಯಾಗಿ ಒಗ್ಗಿಲ್ಲ. ಅದೇ ಚಿನ್ನದಿಂದ ಸೀನಾಯಿ ಬೆಟ್ಟದ ಬುಡದಲ್ಲಿ ಬಸವನ ವಿಗ್ರಹವೂ ಆಯಿತು, ಆಮೇಲೆ ದೇವದರ್ಶನದ ಗುಡಾರವೂ ಆಯಿತು. ಐಗುಪ್ತದ ನೆರೆಯಾಕೆಗೆ ಮಾತ್ರ ಏನೂ ಮರಳಲಿಲ್ಲ.

ಈಗ ಮೊದಲನೆಯ ಭಾಗಕ್ಕೆ ಬರುತ್ತೇನೆ. ಅಗಸ್ಟೀನನ ಸಮಕಾಲೀನನಾದ ಜೆರೋಮನು ಬೈಬಲನ್ನು ಲ್ಯಾಟಿನಿಗೆ ತಂದ ಮಹಾವಿದ್ವಾಂಸ. ಆತನು ಮನೆಮಠಗಳನ್ನು ತೊರೆದು ತಪಸ್ಸಿಗೆಂದು ಪೂರ್ವದೇಶಕ್ಕೆ ಹೊರಟಾಗ ಎಲ್ಲವನ್ನೂ ಬಿಟ್ಟನು, ತನ್ನ ಗ್ರಂಥಭಂಡಾರವೊಂದನ್ನು ಬಿಡಲಾರದೆ ಹೋದನು. ಉಪವಾಸವಿದ್ದು ಆಮೇಲೆ ಸಿಸೆರೋವನ್ನು ಓದುವುದು, ರಾತ್ರಿ ಪಾಪಗಳಿಗಾಗಿ ಅತ್ತು ಬಳಿಕ ಪ್ಲಾಟಸನ ನಾಟಕವನ್ನು ಕೈಗೆತ್ತಿಕೊಳ್ಳುವುದು, ಹೀಗೆ ಸಾಗಿತ್ತು ಆತನ ತಪಸ್ಸು. ಒಮ್ಮೆ ಜ್ವರದ ತಾಪದಲ್ಲಿ ಕನಸು: ನ್ಯಾಯಪೀಠದ ಮುಂದೆ ನಿಂತ ತನ್ನನ್ನು ನ್ಯಾಯಾಧಿಪತಿಯು, ನೀನು ಕ್ರಿಸ್ತನವನಲ್ಲ, ಸಿಸೆರೋವಿನವನು ಎಂದು ಗದರಿಸಿ ಚಾವಟಿಯಿಂದ ಹೊಡೆಯಿಸುತ್ತಾನೆ. ಇನ್ನು ಮೇಲೆ ಲೌಕಿಕ ಗ್ರಂಥವನ್ನು ಮುಟ್ಟೆನೆಂದು ಜೆರೋಮನು ಶಪಥ ಮಾಡುತ್ತಾನೆ. 384ರಲ್ಲಿ ಒಬ್ಬ ಶಿಷ್ಯೆಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಬಹು ಗಂಭೀರವಾಗಿ ಹೇಳಿಕೊಂಡಿದ್ದಾನೆ. ಹೇಳಿಕೊಂಡಿರುವ ಶೈಲಿಯಾದರೋ ಸಿಸೆರೋವಿನ ಗರಡಿಯಲ್ಲಿ ಪಳಗಿದ್ದು. ಮುಂದೆ ಹಳೆಯ ಗೆಳೆಯನೂ ಹೊಸ ವೈರಿಯೂ ಆದ ರುಫೀನಸನು, ಶಪಥ ಮುರಿದೆಯಲ್ಲ, ಬೆತ್ಲೆಹೇಮಿನ ನಿನ್ನ ಮಠದಲ್ಲಿ ಹುಡುಗರಿಗೆ ಕವಿಗಳನ್ನು ಪಾಠ ಹೇಳುತ್ತಿರುವೆಯಲ್ಲ ಎಂದು ಹಂಗಿಸಿದಾಗ ಜೆರೋಮನು, ಕನಸಿನಲ್ಲಿ ಆಡಿದ ಮಾತಿಗೆ ಎಚ್ಚರದಲ್ಲಿ ಯಾರು ಹೊಣೆ ಎಂಬರ್ಥದ ಉತ್ತರವನ್ನು ಕೊಟ್ಟನು. ನನಗೆ ಈ ಉತ್ತರವು ಆತನ ಎಲ್ಲ ವ್ಯಾಖ್ಯಾನಗಳಿಗಿಂತ ಹೆಚ್ಚು ಪ್ರಿಯವಾದದ್ದು. ಪುಸ್ತಕದ ಚಟವುಳ್ಳವರಿಗೆ ಇದರ ಸತ್ಯವನ್ನು ವಿವರಿಸಬೇಕಾಗಿಲ್ಲ.

ಆದರೆ ಜೆರೋಮನು ಇನ್ನೊಂದು ಪತ್ರದಲ್ಲಿ ಬಳಸಿದ ಸಾದೃಶ್ಯವು ನನಗೆ ಹಿಡಿಸದು. ಯುದ್ಧದಲ್ಲಿ ಸೆರೆಸಿಕ್ಕ ಅನ್ಯಜನಾಂಗದ ಹೆಣ್ಣನ್ನು ಮದುವೆಯಾಗಲು ಬಯಸುವವನು ಮೊದಲು ಆಕೆಯ ತಲೆಯನ್ನು ಬೋಳಿಸಿ ಉಗುರುಗಳನ್ನು ತೆಗೆಯಿಸಬೇಕೆಂದು ಧರ್ಮೋಪದೇಶಕಾಂಡದಲ್ಲಿ ಒಂದು ವಿಧಿಯುಂಟು. ಅನ್ಯರ ಸಾಹಿತ್ಯವನ್ನೂ ಹೀಗೆಯೇ ಕತ್ತರಿಸಿ ಶುಚಿಮಾಡಿ ಮನೆಗೆ ಕರೆತರಬಹುದೆಂದು ಆತನ ಅಭಿಪ್ರಾಯ. ಕೂದಲು ಬೋಳಿಸಿದ ಮೇಲೆ ಉಳಿಯುವ ಕಾವ್ಯವು ಎಂಥದು? ಅದಕ್ಕಿಂತ ಕೈಸರೈಯದ ಬೆಸಿಲನ ಮಾತು ಲೇಸು. ಅಥೆನ್ಸಿನಲ್ಲಿ ವ್ಯಾಸಂಗ ಮಾಡಿ ಬಂದ ಈ ಬಿಷಪ್ಪನು ಗ್ರೀಕ್ ಸಾಹಿತ್ಯದ ಉಪಯೋಗವನ್ನು ಕುರಿತು ತರುಣರಿಗೆ ಬರೆದ ಉಪದೇಶದಲ್ಲಿ ದುಂಬಿಯನ್ನು ನೆನೆಯುತ್ತಾನೆ. ದುಂಬಿಯು ಎಲ್ಲ ಹೂವುಗಳಿಗೂ ಹೋಗುವುದಿಲ್ಲ, ಹೋದ ಹೂವನ್ನು ಇಡಿಯಾಗಿ ಹೊತ್ತುಕೊಂಡು ಬರುವುದೂ ಇಲ್ಲ. ನಮ್ಮ ಕವಿಸಮಯದಲ್ಲಿ ನೂರು ಬಾರಿ ಕಂಡ ಮಧುಕರನನ್ನು ಬೆಸಿಲನ ಬರಹದಲ್ಲಿಯೂ ಕಾಣುವಾಗ ಹಳೆಯ ಪರಿಚಯದವರು ಪರವೂರಿನ ಸಂತೆಯಲ್ಲಿ ಸಿಕ್ಕಂತಾಗುತ್ತದೆ. ದುಂಬಿಯಿಂದ ಹೂವಿಗೆ ನೋವಿಲ್ಲವೆಂಬುದು ನಿಜ. ಆದರೂ ದುಂಬಿಯದು ತನಗೆ ಬೇಕಾದದ್ದನ್ನು ಮಾತ್ರ ಹೀರಿಕೊಂಡು ಹಾರಿಹೋಗುವ ಬುದ್ಧಿ.

ಇನ್ನು ಎರಡನೆಯ ಭಾಗ. ಬೆಸಿಲನು ಅಥೆನ್ಸಿನಲ್ಲಿ ಓದುತ್ತಿದ್ದಾಗ ಅದೇ ಊರಿನಲ್ಲಿ ವಿದ್ಯಾರ್ಥಿಯಾಗಿದ್ದ ಇನ್ನೊಬ್ಬ ತರುಣನು ಮುಂದೆ ರೋಮಿನ ಸಾಮ್ರಾಟನಾದನು. ಆತನೇ ಜೂಲಿಯನ್, ಕ್ರೈಸ್ತನಾಗಿ ಬೆಳೆದು, ಆ ಮತವನ್ನು ಬಿಟ್ಟು, ಪೂರ್ವಿಕರ ದೇವತೆಗಳಿಗೆ ಮರಳಿದವನು. 362ರಲ್ಲಿ ಆತನು ಶಿಕ್ಷಕರನ್ನು ಕುರಿತು ಒಂದು ಶಾಸನವನ್ನು ಹೊರಡಿಸಿ, ಕ್ರೈಸ್ತರು ಹೋಮರನನ್ನೂ ಹೆಸಿಯಡನನ್ನೂ ಪಾಠ ಹೇಳಕೂಡದೆಂದು ವಿಧಿಸಿದನು. ಆತನ ತರ್ಕವು ಕೇಳುವುದಕ್ಕೆ ಸರಳವಾದುದು: ಹೋಮರನ ದೇವತೆಗಳನ್ನು ನಂಬದವನು ಹೋಮರನನ್ನು ಬೋಧಿಸುವುದು ಆತ್ಮವಂಚನೆ, ಅಂಥವನು ತನ್ನ ಗುಡಿಗೆ ಹೋಗಿ ಮತ್ತಾಯನನ್ನೂ ಲೂಕನನ್ನೂ ಪಾಠ ಹೇಳಲಿ. ಒಂದು ಪುಸ್ತಕವು ಅದರ ಮತದವರ ಆಸ್ತಿಯೆಂಬ ವಾದ ಇದು; ಇಂದಿಗೂ ಮುಪ್ಪಾಗಿಲ್ಲ. ಕ್ರೈಸ್ತರಿಗೆ ಅಂದು ಎಚ್ಚರವಾಯಿತು. ತಾವು ಹೆದರಿ ದೂರ ತಳ್ಳುತ್ತಿದ್ದ ಹೋಮರನು ತಮಗೆ ಎಷ್ಟು ಬೇಕಾದವನೆಂದು ಅವನನ್ನು ಕಿತ್ತುಕೊಂಡಾಗ ತಿಳಿಯಿತು. ಅಪೊಲಿನಾರಿಸ್ ಎಂಬ ಹೆಸರಿನ ತಂದೆಮಕ್ಕಳಿಬ್ಬರು ಕೂಡಲೇ ಕುಳಿತು ಬೈಬಲಿನ ಕಥೆಗಳನ್ನು ಹೋಮರನ ಛಂದಸ್ಸಿಗೂ ಸುವಾರ್ತೆಗಳನ್ನು ಪ್ಲೇಟೋವಿನ ಸಂವಾದಗಳ ರೂಪಕ್ಕೂ ಇಳಿಸತೊಡಗಿದರಂತೆ. ಮರುವರ್ಷ ಜೂಲಿಯನನು ಯುದ್ಧದಲ್ಲಿ ಮಡಿದನು. ಆ ಅವಸರದ ಕಾವ್ಯಗಳನ್ನು ಯಾರೂ ಉಳಿಸಿಕೊಳ್ಳಲಿಲ್ಲ. ಹೋಮರನು ಕೈಗೆ ಮರಳಿದ ಮೇಲೆ ಅವು ಯಾರಿಗೆ ಬೇಕು? ಜೂಲಿಯನನನ್ನು ಬಹುವಾಗಿ ಮೆಚ್ಚಿದ್ದ, ಸ್ವತಃ ಕ್ರೈಸ್ತನಲ್ಲದ ಅಮ್ಮಿಯಾನಸ್ ಎಂಬ ಇತಿಹಾಸಕಾರನು ಕೂಡ ಈ ಶಾಸನವು ಕಠೋರವಾದದ್ದೆಂದೂ ಅದನ್ನು ಹೂತುಹಾಕಬೇಕೆಂದೂ ಬರೆದನು.

ಇಲ್ಲಿಗೆ ನಿಲ್ಲಿಸಿದರೆ ನಮ್ಮವರು ನೊಂದವರು, ಅವರು ನೋಯಿಸಿದವರು ಎಂಬ ಕಥೆಯಾದೀತು. ಆದರೆ ಅಧಿಕಾರವು ಕೈಸೇರಿದ ಮೇಲೆ ಕ್ರೈಸ್ತರು ಮಾಡಿದುದೇನು? 529ರಲ್ಲಿ ಕ್ರೈಸ್ತ ಸಾಮ್ರಾಟನಾದ ಜಸ್ಟಿನಿಯನನು ಅಥೆನ್ಸಿನ ಪ್ರಾಚೀನ ತತ್ತ್ವವಿದ್ಯಾಶಾಲೆಯ ಬಾಗಿಲನ್ನು ಮುಚ್ಚಿಸಿದನು. ಅಲ್ಲಿಯ ಆಚಾರ್ಯರಲ್ಲಿ ಕೆಲವರು ಪಾರಸೀಕ ರಾಜನ ಆಶ್ರಯವನ್ನು ಅರಸಿ ಹೋದರು. ಜೂಲಿಯನನ ಶಾಸನವನ್ನು ಶಪಿಸಿದವರ ಮೊಮ್ಮಕ್ಕಳು ಅದೇ ಶಾಸನವನ್ನು ತಿರುಗುಮುರುಗು ಮಾಡಿ ಹೊರಡಿಸಿದರು ಎಂದು ಹೇಳಿದರೆ ತಪ್ಪಾಗದು.

ಆದುದರಿಂದಲೇ ರಾಜ್ಯವನ್ನು ಕುರಿತು ಅಗಸ್ಟೀನನು ಬರೆದುದನ್ನು ಇಲ್ಲಿ ನೆನೆಯಬೇಕು. 410ರ ಆಗಸ್ಟಿನಲ್ಲಿ ಗಾಥರ ಅರಸ ಅಲಾರಿಕನ ಸೈನ್ಯವು ರೋಮನ್ನು ಕೊಳ್ಳೆಹೊಡೆದಾಗ, ಹಳೆಯ ದೇವತೆಗಳನ್ನು ಬಿಟ್ಟುದೇ ಈ ದುರ್ಗತಿಗೆ ಕಾರಣವೆಂಬ ದೂರು ಎದ್ದಿತು. ಅದಕ್ಕೆ ಉತ್ತರವಾಗಿ ಆತನು 413ರಲ್ಲಿ ಆರಂಭಿಸಿದ ‘ದೇವನಗರ’ವು ಇಪ್ಪತ್ತೆರಡು ಭಾಗಗಳಾಗಿ ಬೆಳೆದು ಮುಗಿಯುವ ಹೊತ್ತಿಗೆ ಹದಿಮೂರು ವರ್ಷಗಳು ಕಳೆದಿದ್ದವು. ಅದರಲ್ಲಿ ಕಡಲುಗಳ್ಳನೊಬ್ಬನು ಅಲೆಕ್ಸಾಂಡರನ ಮುಂದೆ ನಿಂತು, ಒಂದೇ ಹಡಗುಳ್ಳ ನಾನು ಕಳ್ಳ, ಹಡಗುಪಡೆಯುಳ್ಳ ನೀನು ಚಕ್ರವರ್ತಿ, ಭೇದವಿಷ್ಟೇ ಎಂಬಂತೆ ಜವಾಬು ಕೊಡುವ ಪ್ರಸಂಗವೊಂದಿದೆ. ಅದನ್ನು ಅಗಸ್ಟೀನನು ಪಡೆದದ್ದು ಸಿಸೆರೋವಿನಿಂದ. ರಾಜ್ಯಾಧಿಕಾರದ ಮೇಲೆ ಕ್ರೈಸ್ತ ಸಾಹಿತ್ಯವು ಆಡಿದ ಅತಿ ತೀಕ್ಷ್ಣವಾದ ಮಾತು ಹೀಗೆ ಎರವಿನ ಒಡವೆಯೇ! ಅದೇ ಗ್ರಂಥದ ಮುಂದಿನ ಭಾಗದಲ್ಲಿ ಆತನು ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಈ ಲೋಕದ ರಾಜ್ಯದೊಳಗೆ ಭಕ್ತನು ಯಾತ್ರಿಕನು. ನೆಲದ ಕಾನೂನು, ಶಾಂತಿ, ಭಾಷೆ, ಬದುಕಿನ ರೀತಿ ಇವನ್ನು ಎಲ್ಲರೊಡನೆ ಕೂಡಿ ಬಳಸುವನೇ ಹೊರತು ಅವುಗಳಿಗೆ ಒಡೆಯನಲ್ಲ. ಛತ್ರದಲ್ಲಿ ಇಳಿದುಕೊಂಡವನು ಛತ್ರವನ್ನು ಗುಡಿಸಬೇಕು, ಒಲೆಯ ಬೂದಿಯನ್ನು ತೆಗೆಯಬೇಕು, ಮುಂದಿನವರಿಗೆ ನೀರು ತುಂಬಿಡಬೇಕು. ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತಬಾರದು. ಅಗಸ್ಟೀನನು ತನ್ನ ಬದುಕಿನಲ್ಲಿ ಇದನ್ನು ಪೂರ್ತಿಯಾಗಿ ನಡೆಸಿದನೆಂದು ನಾನು ಹೇಳಲಾರೆ. ಭಿನ್ನಮತೀಯರಾದ ದೊನಾಟಿಸ್ಟರ ಮೇಲೆ ಸರಕಾರದ ಬಲವನ್ನು ಪ್ರಯೋಗಿಸುವುದನ್ನು ಆತನು ಕೊನೆಕೊನೆಗೆ ಸಮರ್ಥಿಸಿದನು. ಆ ಸಮರ್ಥನೆಯು ಮುಂದಿನ ಶತಮಾನಗಳಲ್ಲಿ ಮಾಡಿದ ಅನರ್ಥವು ಸಣ್ಣದಲ್ಲ.

ಅರಮನೆಯಿಂದ ಗ್ರಂಥಕ್ಕೆ ಇಳಿದುಬಂದ ಒಬ್ಬನನ್ನು ಇಲ್ಲಿಯೇ ಪರಿಚಯಿಸಿಬಿಡುತ್ತೇನೆ. ಇಟಲಿಯನ್ನು ಆಳುತ್ತಿದ್ದ ಗಾಥ್ ಜನಾಂಗದ ಥಿಯೊಡೊರಿಕನ ಆಸ್ಥಾನದಲ್ಲಿ ಬೊಯೀಥಿಯಸನೆಂಬ ದಾರ್ಶನಿಕನು ಉನ್ನತ ಪದವಿಯಲ್ಲಿದ್ದು, ರಾಜದ್ರೋಹದ ಆಪಾದನೆಗೆ ಒಳಗಾಗಿ ಸೆರೆಮನೆ ಸೇರಿ ಕೊಲ್ಲಲ್ಪಟ್ಟನು. ತೆರವಾದ ಆ ಪದವಿಯಲ್ಲಿ ಬಂದು ಕುಳಿತವನು ಕಸಿಯೊಡೋರಸ್. ಆ ಕುರ್ಚಿಯಲ್ಲಿ ಆತನಿಗೆ ನಿದ್ದೆ ಹೇಗೆ ಬಂದಿತೋ! ರೋಮಿನಲ್ಲಿ ಪೋಪ್ ಅಗಪೀಟಸನೊಡನೆ ಸೇರಿ ಕ್ರೈಸ್ತ ವಿದ್ಯಾಪೀಠವೊಂದನ್ನು ಕಟ್ಟಬೇಕೆಂದು ಯತ್ನಿಸಿದನು, ಯುದ್ಧದಿಂದಾಗಿ ಕೈಗೂಡಲಿಲ್ಲ. ಕಡೆಗೆ ದಕ್ಷಿಣ ಇಟಲಿಯ ತನ್ನ ಸ್ವಂತ ಜಮೀನಿನಲ್ಲಿ ಮಠವೊಂದನ್ನು ಸ್ಥಾಪಿಸಿದನು. ಅಲ್ಲಿಯ ಮೀನುಕೊಳಗಳಿಂದ ಅದಕ್ಕೆ ‘ವಿವೇರಿಯಮ್’ ಎಂದು ಹೆಸರಾಯಿತು. ರಾತ್ರಿಯ ಲಿಪಿಕಾರರಿಗಾಗಿ ಎಣ್ಣೆಯನ್ನು ತಾವಾಗಿಯೇ ತುಂಬಿಕೊಳ್ಳುವ ದೀಪಗಳನ್ನೂ, ಬಿಸಿಲಿರುವಾಗ ನೆರಳಿನ ಗಡಿಯಾರವನ್ನೂ, ಬಿಸಿಲಿಲ್ಲದಾಗ ನೀರಿನ ಗಡಿಯಾರವನ್ನೂ ಏರ್ಪಡಿಸಿದನು. ದೇವಶಾಸ್ತ್ರದ ಗ್ರಂಥಗಳ ಪಕ್ಕದಲ್ಲಿಯೇ ವ್ಯಾಕರಣ, ವೈದ್ಯ, ತೋಟಗಾರಿಕೆಗಳ ಗ್ರಂಥಗಳನ್ನೂ ಇರಿಸಿದನು. ಪ್ರತಿ ಮಾಡುವವರಿಗೆ ಕಾಗುಣಿತದ ತೊಡಕುಗಳು ಬಂದಾಗ, ಅವರ ಕೋರಿಕೆಯಂತೆ, ತನ್ನ ತೊಂಬತ್ತಮೂರನೆಯ ವಯಸ್ಸಿನಲ್ಲಿ ಕಾಗುಣಿತವನ್ನು ಕುರಿತು ಒಂದು ಪುಸ್ತಕವನ್ನು ಬರೆದುಕೊಟ್ಟನು. ರಾಜರ ಪರವಾಗಿ ನೂರಾರು ಆಡಂಬರದ ಓಲೆಗಳನ್ನು ಬರೆದ ಕೈ ಅದು. ಲಿಪಿಕಾರನಿಗೆ ದುಂಬಿಯ ಸ್ವಾತಂತ್ರ್ಯವಿಲ್ಲ ಎಂಬುದನ್ನು ತಾವು ಗಮನಿಸಬೇಕು. ಮುಂದಿಟ್ಟ ಹೊತ್ತಗೆಯನ್ನು ಅಕ್ಷರ ಬಿಡದೆ, ತನಗೆ ರುಚಿಸಿದುದನ್ನೂ ರುಚಿಸದುದನ್ನೂ ಸಮನಾಗಿ ಆತನು ಇಳಿಸಬೇಕು.

ಸಮುದ್ರವನ್ನು ದಾಟಿ ಈಗ ನಮ್ಮ ತೀರಕ್ಕೆ ಬರೋಣ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸುಯಿಟ್ ಪಾದ್ರಿಯು 1579ರಲ್ಲಿ ಗೋವೆಗೆ ಬಂದನು. ಆತನು ಮರಾಠಿಯಲ್ಲಿ, ಓವಿಯ ಧಾಟಿಯಲ್ಲಿ, ಸುಮಾರು 11,000 ಪದ್ಯಗಳ ‘ಕ್ರಿಸ್ತಪುರಾಣ’ವನ್ನು ರಚಿಸಿದನು, 1616ರಲ್ಲಿ ಅದು ರಾಚೋಲದಲ್ಲಿ ಅಚ್ಚಾಯಿತು. ಕ್ರಿಸ್ತನ ಕಥೆಗೆ ಪುರಾಣವೆಂಬ ಹೆಸರನ್ನೂ ಭಕ್ತರ ಛಂದಸ್ಸನ್ನೂ ಎರವು ಪಡೆದ ಈ ಪಾದ್ರಿಯು ಅಷ್ಟಕ್ಕೆ ನಿಲ್ಲದೆ ಕೊಂಕಣಿಗೆ ಒಂದು ವ್ಯಾಕರಣವನ್ನೂ ಬರೆದನು. ಅದು ಆತನ ಮರಣಾನಂತರ 1640ರಲ್ಲಿ ಪ್ರಕಟವಾಯಿತು. ಕೊಂಕಣಿಯನ್ನು ಅಲ್ಲಿ ‘ಕನಾರಿಂ’ ಎಂದು ಕರೆದಿರುವುದನ್ನು ನೋಡಿ ನಮ್ಮ ಕನ್ನಡಿಗರು ಹಿಗ್ಗಬೇಕಾಗಿಲ್ಲ. ಪೋರ್ತುಗೀಸರಿಗೆ ಕರಾವಳಿಯೆಲ್ಲ ಒಂದೇ ಆಗಿ ಕಂಡಿತು, ಅಷ್ಟೇ. ಆ ವ್ಯಾಕರಣವು ಹೊರಬಂದು ಅರ್ಧ ಶತಮಾನ ತುಂಬುವ ಮೊದಲೇ, 1684ರಲ್ಲಿ, ಗೋವೆಯ ವೈಸರಾಯಿಯು ಮೂರು ವರ್ಷಗಳೊಳಗೆ ಜನರು ತಮ್ಮ ಮಾತನ್ನು ತೊರೆದು ಪೋರ್ತುಗೀಸ್ ನುಡಿಯನ್ನೇ ಆಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ವ್ಯಾಕರಣ ಬರೆದವರ ಮತವೂ ಆಜ್ಞೆ ಬರೆದವರ ಮತವೂ ಒಂದೇ. ಆಜ್ಞೆಯನ್ನು ಕೇಳಿ ನಾಲಿಗೆಗಳು ನಿಲ್ಲಲಿಲ್ಲ. ಗೋವೆಯಿಂದ ಗುಳೆಯೆದ್ದು ಕನ್ನಡ ಜಿಲ್ಲೆಗಳಿಗೆ ಬಂದ ಕ್ರೈಸ್ತರ ಮನೆಗಳಲ್ಲಿ ಇಂದಿಗೂ ರೋಸರಿಯ ಪ್ರಾರ್ಥನೆಯು ಕೊಂಕಣಿಯಲ್ಲಿಯೇ ನಡೆಯುತ್ತದೆ.

ಕೊನೆಯದಾಗಿ ಮಂಗಳೂರು. ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದುದು ತಮಗೆಲ್ಲ ತಿಳಿದದ್ದೇ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಇವನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಅಚ್ಚು ಮಾಡಿಸಿದವನೂ ಆತನೇ. ಈತನ ಹಿಂದೆ, 1853ರಲ್ಲಿ, ಭಾರತಕ್ಕೆ ಬಂದವನು ಫರ್ಡಿನಂಡ್ ಕಿಟ್ಟೆಲ್. ಇವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಎದುರಾಳಿಯ ಪುಸ್ತಕವನ್ನು ಖಂಡಿಸುವುದಕ್ಕಾಗಿ ಓದತೊಡಗಿದ ಸಂದರ್ಭಗಳೂ ಇದ್ದಿರಬೇಕು. ಆದರೆ ನಿಘಂಟಿನ ಕೆಲಸಕ್ಕೆ ಕುಳಿತವನಿಗೆ ತಾನು ಯಾವ ಉದ್ದೇಶದಿಂದ ಬಂದೆನೆಂಬುದು ಕ್ರಮೇಣ ನಿರುಪಯೋಗಿಯಾಗುತ್ತದೆ. ದುಂಬಿಯು ಹೂವನ್ನು ಆರಿಸಬಹುದು; ನಿಘಂಟುಕಾರನು ‘ಅಭಿಷೇಕ’ವನ್ನು ಬಿಟ್ಟು ‘ಅಕ್ಕಿ’ಯನ್ನು ಮಾತ್ರ ತೆಗೆದುಕೊಳ್ಳಲಾರ. ಲಿಂಗಧಾರಣೆಯ ಮಾತು, ಜಾತ್ರೆಯ ಮಾತು, ಬೈಗುಳ, ಗಾದೆ, ಒಕ್ಕಲಿಗನ ಕೊಟ್ಟಿಗೆಯಲ್ಲಿಯ ಸಲಕರಣೆಗಳ ಹೆಸರು ಎಲ್ಲವೂ ಬಾಗಿಲಲ್ಲಿ ಸರದಿಯಾಗಿ ನಿಂತಿರುತ್ತವೆ. ಎಲ್ಲಕ್ಕೂ ಆತನು ಎದ್ದು ಪೀಠವನ್ನು ಕೊಡಬೇಕು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ, 1,700ಕ್ಕೂ ಮಿಕ್ಕ ಪುಟಗಳ ಕಿಟ್ಟೆಲನ ಆ ನಿಘಂಟನ್ನು ತಾವು ತೆರೆದು ನೋಡಿರಿ. ಸುಮಾರು 70,000 ಶಬ್ದಗಳು. ಮೊದಲು ಕನ್ನಡ ಲಿಪಿಯಲ್ಲಿ ಶಬ್ದ, ಪಕ್ಕದಲ್ಲಿ ರೋಮನ್ ಅಕ್ಷರಗಳಲ್ಲಿ ಅದರ ಉಚ್ಚಾರ, ಇಂಗ್ಲಿಷಿನಲ್ಲಿ ಅರ್ಥ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಜ್ಞಾತಿಗಳು; ಆಮೇಲೆ ಕಂಸದೊಳಗೆ ಇರುವೆಯ ಸಾಲಿನಂತೆ ಸಂಕೇತಾಕ್ಷರಗಳು. ನಾನು ಹುಡುಗನಾಗಿದ್ದಾಗ ಆ ಸಂಕೇತಗಳನ್ನು ಮುದ್ರಣದೋಷಗಳೆಂದು ತಿಳಿದಿದ್ದೆನು. ಒಂದು ಕೇಶಿರಾಜನ ಶಬ್ದಮಣಿದರ್ಪಣ, ಒಂದು ಬಸವಪುರಾಣ, ಒಂದು ಜೈಮಿನಿ, ಇನ್ನೊಂದು ಯಾವ ಹೊತ್ತಗೆಯಲ್ಲಿಯೂ ಇಲ್ಲದೆ ಜನರ ಬಾಯಲ್ಲಿ ಮಾತ್ರ ಇದ್ದ ಗಾದೆ. ಅರ್ಥವು ತನ್ನದಲ್ಲ, ಇಂಥವರಿಂದ ಪಡೆದದ್ದು ಎಂದು ಒಂದೊಂದು ಶಬ್ದದ ಕೆಳಗೂ ಬರೆದಿಟ್ಟ ರಸೀತಿಗಳು ಅವು. ಲ್ಯೂಥರನ ದೇಶದಿಂದ ಬಂದ ಪಾದ್ರಿಯೊಬ್ಬನು ಒಂದು ಕ್ರಿಯಾಪದದ ಪ್ರಯೋಗಕ್ಕಾಗಿ ಭೀಮಕವಿಯ ಬಸವಪುರಾಣದ ಪುಟಗಳನ್ನು ಬೆರಳಿಟ್ಟು ತಿರುವಿ ಹಾಕುತ್ತಿರುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಕಂಡಿದ್ದೇನೆ. ಇದಕ್ಕೂ ಮೊದಲು, 1862ರಲ್ಲಿ, ಆತನು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಹಾಡಿದ್ದನು. ಅದನ್ನು ಓದುವವರು ಈಗ ವಿರಳ, ಸುವಾರ್ತೆಯನ್ನು ಸಾರಲು ಹೊರಟ ಆ ಪುಸ್ತಕವು ನಮ್ಮ ಸಭೆಗಳಲ್ಲಿಯೂ ಅಪರೂಪವಾಯಿತು. ಏನನ್ನೂ ಸಾರದ ನಿಘಂಟು ಮಾತ್ರ ವೀರಶೈವ ಮಠದ ಕಪಾಟಿನಲ್ಲಿಯೂ, ಸಂಸ್ಕೃತ ಪಂಡಿತರ ಮಣೆಯ ಮೇಲೂ, ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯವು ಮರುಮುದ್ರಿಸಿದ ನಾಲ್ಕು ಸಂಪುಟಗಳಲ್ಲಿಯೂ ನೆಲೆಸಿದೆ.

ನಮ್ಮ ಮನೆಯ ಪ್ರತಿಯು ಯಾರದೋ ಕೈದಾಟಿ ಬಂದದ್ದು, ಬೆನ್ನು ಕಿತ್ತುಹೋಗಿತ್ತು. ನಾನು ಕಾಲೇಜಿಗೆ ಸೇರಿದ ವರ್ಷ ನೆರೆಮನೆಯ ಆ ಹಿರಿಯಾಕೆಯ ಮೊಮ್ಮಗನು, ಷಟ್ಪದಿಯ ಪಾಠಕ್ಕೆ ಬೇಕೆಂದು ಅದನ್ನು ಕೇಳಿ ಒಯ್ದನು. ಪರೀಕ್ಷೆ ಮುಗಿದ ಮೇಲೆ ತಂದುಕೊಟ್ಟಾಗ ಬೆನ್ನಿಗೆ ಹೊಸ ಬಟ್ಟೆಯನ್ನು ಅಂಟಿಸಿದ್ದನು. ನಮ್ಮ ತಾಯಿ ಆ ಬಟ್ಟೆಯನ್ನು ಬೆರಳಿನಿಂದ ಸವರಿ, ಹತ್ತಿರ ಹಿಡಿದು ನೋಡಿ, "ಇದು ಅದೇ ಖಣ" ಎಂದಳು.